ಜರ್ಮನಿಯಲ್ಲಿ ಪರ್ಮಿಟ್ ನವೀಕರಣ: ಕಾರ್ಡಿನ ತಾರೀಖಿಗಿಂತ ಅರ್ಜಿಯ ತಾರೀಖು ಮುಖ್ಯ

ಜರ್ಮನಿಯಲ್ಲಿ ಕೆಲಸಕ್ಕೋ ಓದಿಗೋ ಇರುವವರ ವಾಸದ ಪರ್ಮಿಟ್ ಕಾರ್ಡಿನ ಮೇಲೆ ಒಂದು ಕೊನೆಯ ತಾರೀಖು ಅಚ್ಚಾಗಿರುತ್ತದೆ. ಅಷ್ಟರೊಳಗೆ ಹೊಸ ಕಾರ್ಡು ಕೈಗೆ ಬರದಿದ್ದರೆ ಗತಿಯೇನು ಎಂದು ಹಲವರು ನಿದ್ದೆಗೆಡುತ್ತಾರೆ. ಆ ದಿನದೊಳಗೆ ಆಗಲೇಬೇಕಾದ ಕೆಲಸ ಬೇರೆಯೇ ಇದೆ: ನವೀಕರಣದ ಅರ್ಜಿ ವಿದೇಶಿಯರ ಕಚೇರಿಗೆ, ಅಂದರೆ ಔಸ್ಲೆಂಡರ್‌ಬೆಹೋರ್ಡೆಗೆ, ಮುಟ್ಟಿರಬೇಕು. ವಾಸ ಕಾಯ್ದೆಯ ಕಲಂ 81(4)ರ ಪ್ರಕಾರ, ಅವಧಿಯೊಳಗೆ ಅರ್ಜಿ ಹಾಕಿದವರ ಹಳೆಯ ಪರ್ಮಿಟ್ಟು ಕಚೇರಿ ತೀರ್ಮಾನ ಹೇಳುವ ತನಕ ಊರ್ಜಿತದಲ್ಲೇ ಇರುತ್ತದೆ, ಕೆಲಸ ಮಾಡುವ ಹಕ್ಕೂ ಸೇರಿ. ಒಂದು ದಿನ ತಡವಾದರೂ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಆಮೇಲೆ ಅಧಿಕಾರಿ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೆಚ್ಚು ಜನ ಎಡವುವುದು ಇಲ್ಲೇ. ಅಪಾಯಿಂಟ್‌ಮೆಂಟಿಗೆ, ಇಲ್ಲಿನ ಮಾತಿನಲ್ಲಿ ಟರ್ಮೀನ್‌ಗೆ, ಹೆಸರು ಬರೆಸಿದರೆ ಅರ್ಜಿ ಹಾಕಿದಂತಲ್ಲ. "ಟರ್ಮೀನ್ ಸಿಗಲಿಲ್ಲ, ಅದಕ್ಕೇ ಹಾಕಲಿಲ್ಲ" ಎನ್ನುವ ಸಬೂಬು ನಂಬಿ ಕೂರುವಂಥದ್ದಲ್ಲ. ಊರಿನ ಕಚೇರಿಗೆ ಆನ್‌ಲೈನ್ ಅರ್ಜಿಯ ವ್ಯವಸ್ಥೆ ಇದ್ದರೆ ಅದರಲ್ಲೇ ತುಂಬಿ, ಕೊನೆಯಲ್ಲಿ ಬರುವ ಸ್ವೀಕೃತಿಯ ಪಿಡಿಎಫ್ ಉಳಿಸಿಕೊಳ್ಳಿ. ಇಲ್ಲದಿದ್ದರೆ ಕಚೇರಿಯ ಅರ್ಜಿ ನಮೂನೆಯನ್ನು ಇಳಿಸಿಕೊಂಡು ತುಂಬಿ, ಸಹಿ ಹಾಕಿ, ಇಮೇಲಿನಲ್ಲೂ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿ. ರಿಜಿಸ್ಟರ್ಡ್ ಅಂಚೆಗೆ ಇಲ್ಲಿ ಐನ್‌ಶ್ರೈಬೆನ್ ಎನ್ನುತ್ತಾರೆ. ಇಮೇಲಿನ ವಿಷಯದ ಸಾಲಿನಲ್ಲಿ "ಆಂಟ್ರಾಗ್ ಔಫ್ ಫೆರ್‌ಲೆಂಗೆರುಂಗ್" (ವಿಸ್ತರಣೆಗೆ ಅರ್ಜಿ) ಎಂದು ಸ್ಪಷ್ಟವಾಗಿ ಇರಲಿ. ಜೊತೆಗೆ ಪೂರ್ತಿ ಹೆಸರು, ಹುಟ್ಟಿದ ದಿನ, ಪರ್ಮಿಟ್ ಮುಗಿಯುವ ದಿನ. "ಯಾವಾಗ ಬರಬಹುದು?" ಎಂದು ಕೇಳುವ ಇಮೇಲು ಬರೀ ವಿಚಾರಣೆ, "ವಿಸ್ತರಿಸಿ ಕೊಡಿ" ಎಂದು ಕೇಳಿದ್ದು ಅರ್ಜಿ. ದಾಖಲೆ ಒಂದೆರಡು ಕಮ್ಮಿ ಇದ್ದರೂ ಅರ್ಜಿ ಹಾಕಿಬಿಡಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು.

ಶುರು ಮಾಡುವುದು ಯಾವಾಗ? ಮೂರು ತಿಂಗಳು ಮುಂಚೆ ಹಾಕಿದರೆ ಹದ. ತೀರಾ ಮೊದಲೇ ಹಾಕಿದರೆ ಕೆಲವು ಕಚೇರಿಗಳು ಮುಟ್ಟುವುದೇ ಇಲ್ಲ. ನೀವು ಹೊಸ ಊರಿಗೆ ಮನೆ ಬದಲಾಯಿಸಿದ್ದರೆ ಅರ್ಜಿ ಹೋಗಬೇಕಾದ್ದು ಹೊಸ ಊರಿನ ಕಚೇರಿಗೆ. ಹಳೆಯ ಊರಿನಿಂದ ಫೈಲು ತರಿಸಿಕೊಳ್ಳುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಮೊದಲು ಪಾಸ್‌ಪೋರ್ಟ್ ನೋಡಿ

ಪರ್ಮಿಟ್ಟನ್ನು ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ಪಾಸ್‌ಪೋರ್ಟ್ ಇನ್ನು ಎಂಟು ತಿಂಗಳಿಗೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ, ಹೊಸ ಕಾರ್ಡೂ ಎಂಟೇ ತಿಂಗಳಿನದಾಗಿ, ಇಡೀ ಓಡಾಟ ಮತ್ತೊಮ್ಮೆ, ಫೀಸೂ ಮತ್ತೊಮ್ಮೆ. ಭಾರತದ ಪಾಸ್‌ಪೋರ್ಟನ್ನು ಮುಗಿಯಲು ಒಂದು ವರ್ಷ ಇರುವಾಗಲೇ ನವೀಕರಿಸಬಹುದು, ಹಾಗಾಗಿ ಆ ಕೆಲಸ ಮೊದಲು ಮುಗಿಸಿ. ಜರ್ಮನಿಯಲ್ಲಿ ಬರ್ಲಿನ್ನಿನ ರಾಯಭಾರ ಕಚೇರಿಯ ಜೊತೆಗೆ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಭಾರತದ ಕಾನ್ಸುಲೇಟುಗಳಿವೆ. ಸ್ಟುಟ್‌ಗಾರ್ಟ್ ಕಡೆಯವರು ಮ್ಯೂನಿಕ್ ವ್ಯಾಪ್ತಿಗೆ ಬರುತ್ತಾರೆ.

ನಮ್ಮವರಿಗೆ ಇಲ್ಲೊಂದು ವಿಶೇಷ ತೊಡಕು ಇದೆ: ಹೆಸರು. ಕರ್ನಾಟಕದ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಅಪ್ಪನ ಹೆಸರೋ ಊರಿನ ಹೆಸರೋ ಇನಿಷಿಯಲ್ ಆಗಿ ನಿಂತಿರುತ್ತದೆ. ನವೀಕರಣದ ಹೊತ್ತಿಗೆ ಇನಿಷಿಯಲ್ ಬಿಡಿಸಿ ಬರೆಸೋಣ ಎಂದು ಹೊರಟರೆ, ಆಫೀಸಿನ ಕಾಂಟ್ರಾಕ್ಟ್, ವಿಮೆ, ಬ್ಯಾಂಕು, ಮನೆ ವಿಳಾಸದ ನೋಂದಣಿ ಒಂದೂ ಹೊಸ ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ. ಹೆಸರು ಬದಲಿಸುವುದಾದರೆ ಪರ್ಮಿಟ್ ಅರ್ಜಿಗೆ ತಿಂಗಳುಗಳ ಮುಂಚೆ ಬದಲಿಸಿ, ಟೌನ್ ಹಾಲಿನ ನೋಂದಣಿಯಿಂದ ಶುರುಮಾಡಿ ಒಂದೊಂದಾಗಿ ತಿದ್ದಿಸಿ.

ಕಾಗದಪತ್ರ

ಎಲ್ಲರಿಗೂ ಬೇಕಾದ್ದು: ಪಾಸ್‌ಪೋರ್ಟ್, ಈಗಿರುವ ಕಾರ್ಡು ಮತ್ತು ಅದರ ಜೊತೆ ಕೊಟ್ಟ ಹಸಿರು ಹಾಳೆ, ವಿಳಾಸ ನೋಂದಣಿಯ ಪತ್ರ, ಬಾಡಿಗೆ ಕರಾರು, ಆರೋಗ್ಯ ವಿಮೆಯ ಸದಸ್ಯತ್ವ ಪತ್ರ. ವಿಮೆಯ ಪ್ಲಾಸ್ಟಿಕ್ ಕಾರ್ಡಿನ ನಕಲು ಸಾಲದು. ವಿಮಾ ಸಂಸ್ಥೆಯ ಆ್ಯಪಿನಲ್ಲಿ ಸದಸ್ಯತ್ವ ಪತ್ರ ಕೇಳಿದರೆ ಸಾಮಾನ್ಯವಾಗಿ ಬೇಗ ಸಿಗುತ್ತದೆ. ಬಂದ ಹೊಸದರಲ್ಲಿ ಮಾಡಿಸಿದ ಪ್ರವಾಸಿ ವಿಮೆಯನ್ನೇ ಮುಂದುವರಿಸಿಕೊಂಡು ಬಂದವರ ಅರ್ಜಿ ಇಲ್ಲೇ ನಿಲ್ಲುತ್ತದೆ.

ಕೆಲಸದಲ್ಲಿರುವವರು ಕಾಂಟ್ರಾಕ್ಟ್, ಕಳೆದ ಮೂರು ತಿಂಗಳ ಸಂಬಳದ ಚೀಟಿ, ಮತ್ತು ಕಂಪನಿಯವರು ತುಂಬಿ ಸಹಿ ಹಾಕಿದ ಉದ್ಯೋಗದ ವಿವರ ನಮೂನೆ ಕೊಡಬೇಕು. ಎಚ್‌ಆರ್‌ನವರು ಈ ನಮೂನೆಗೆ ಎರಡು ವಾರ ತೆಗೆದುಕೊಂಡರೆ ಅಚ್ಚರಿಯಿಲ್ಲ, ಮೊದಲು ಅದನ್ನೇ ಕಳಿಸಿಬಿಡಿ. ಬ್ಲೂ ಕಾರ್ಡಿನವರು, ಅಂದರೆ ನಿಗದಿತ ಸಂಬಳ ಇರುವ ಪರಿಣತ ಉದ್ಯೋಗಿಗಳಿಗೆ ಕೊಡುವ ಪರ್ಮಿಟ್ ಪಡೆದವರು, ಸಂಬಳದ ಕನಿಷ್ಠ ಮಿತಿಯನ್ನೂ ನೋಡಿಕೊಳ್ಳಬೇಕು. ಮೊದಲ ಸಲದ ಶರತ್ತುಗಳೇ ವಿಸ್ತರಣೆಗೂ ಅನ್ವಯ, ಮಿತಿ ಮಾತ್ರ ವರ್ಷ ವರ್ಷ ಏರುತ್ತದೆ: ಸಾಮಾನ್ಯ ಹುದ್ದೆಗಳಿಗೆ 2025ರಲ್ಲಿ ವರ್ಷಕ್ಕೆ 48,300 ಯೂರೋ ಇದ್ದದ್ದು 2026ಕ್ಕೆ 50,700 ಆಗಿದೆ. ಐಟಿಯಂಥ ಕೊರತೆಯ ಹುದ್ದೆಗಳಿಗೆ ಮಿತಿ ಇದಕ್ಕಿಂತ ಕಡಿಮೆ. ಸಂಬಳ ಅಲ್ಲಿಗೂ ಮುಟ್ಟದಿದ್ದರೆ ಪದವೀಧರರಿಗೆ ಸಾಮಾನ್ಯ ಕುಶಲ ಉದ್ಯೋಗಿ ಪರ್ಮಿಟ್ಟಿನ ದಾರಿಯೂ ಇದೆ.

ಬ್ಲೂ ಕಾರ್ಡಿನವರಿಗೆ ಇನ್ನೊಂದು ಮಾತು. 27 ತಿಂಗಳು ಪಿಂಚಣಿ ನಿಧಿಗೆ ಕಟ್ಟಿ ಎ1 (ಆರಂಭಿಕ) ಮಟ್ಟದ ಜರ್ಮನ್ ಇದ್ದರೆ, ಅಥವಾ ಬಿ1 (ಮಧ್ಯಮ) ಮಟ್ಟ ಇದ್ದು 21 ತಿಂಗಳಾಗಿದ್ದರೆ, ಖಾಯಂ ಪರ್ಮಿಟ್ಟಿಗೇ ಅರ್ಜಿ ಹಾಕಬಹುದು. ಅಷ್ಟು ದಿನ ತುಂಬಿದ ಮೇಲೂ ಬರೀ ವಿಸ್ತರಣೆ ಕೇಳುವುದು ನಮ್ಮ ಲೆಕ್ಕದಲ್ಲಿ ಫೀಸು ದಂಡ.

ವಿದ್ಯಾರ್ಥಿಗಳಿಗೆ ಮುಖ್ಯವಾದವು ಎರಡು: ದುಡ್ಡು ಮತ್ತು ಓದಿನ ಪ್ರಗತಿ. ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904 ಇದೆಯೆಂದು ತೋರಿಸಬೇಕು. ಬ್ಲಾಕ್ಡ್ ಅಕೌಂಟಿನಿಂದಲೂ (ತಿಂಗಳಿಗೆ ಇಷ್ಟೇ ಎಂದು ದುಡ್ಡು ತೆಗೆಯಬಹುದಾದ ಖಾತೆ) ತೋರಿಸಬಹುದು, ವಿದ್ಯಾರ್ಥಿ ಕೆಲಸದ ಸಂಬಳದಿಂದಲೂ ತೋರಿಸಬಹುದು. ಊರಿಂದ ಅಪ್ಪ ಒಂದೇ ಸಲ ಹಾಕಿ, ಅರ್ಜಿಯಾದ ಮರುದಿನ ವಾಪಸ್ ಹೋಗುವ ದುಡ್ಡನ್ನು ಅಧಿಕಾರಿಗಳು ಎಷ್ಟೋ ನೋಡಿದ್ದಾರೆ. ಸೆಮಿಸ್ಟರುಗಳು ನಿಗದಿಗಿಂತ ಹೆಚ್ಚಾಗಿದ್ದರೆ, ಎಷ್ಟು ಕ್ರೆಡಿಟ್ ಬಾಕಿ, ಯಾವಾಗ ಮುಗಿಯುತ್ತದೆ ಎಂದು ವಿಶ್ವವಿದ್ಯಾಲಯದಿಂದ ಪತ್ರ ಬರೆಸಿಕೊಂಡೇ ಹೋಗಿ.

ಫೋಟೋ: 2025ರ ಮೇ 1ರಿಂದ ಡಿಜಿಟಲ್ ಫೋಟೋ ನಿಯಮ ಬಂದಿದೆ, ಕಾಗದದ ಫೋಟೋ ತೆಗೆದುಕೊಳ್ಳುವುದಿಲ್ಲ. ಅನುಮತಿ ಪಡೆದ ಸ್ಟುಡಿಯೋದಲ್ಲಿ ತೆಗೆಸಿದರೆ ಒಂದು ಕೋಡ್ ಅಚ್ಚಾದ ಚೀಟಿ ಕೊಡುತ್ತಾರೆ, ಕಚೇರಿಯಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಸಾಕು. ಹಲವು ಕಚೇರಿಗಳಲ್ಲಿ ಫೋಟೋ ಯಂತ್ರವೂ ಇದೆ, 6 ಯೂರೋ. ಬೆಂಗಳೂರಿನಿಂದ ಡಜನ್‌ಗಟ್ಟಲೆ ಫೋಟೋ ತೆಗೆಸಿಕೊಂಡು ಬರುವ ಕಾಲ ಮುಗಿಯಿತು.

ನಡುವಿನ ಕಾಗದ: ಫಿಕ್ಟಿಯೋನ್ಸ್‌ಬೆಶೈನಿಗುಂಗ್

ಹಳೆಯ ಕಾರ್ಡು ಮುಗಿದು ಹೊಸದು ಬರದ ದಿನಗಳಿಗೆ ಕಚೇರಿ 13 ಯೂರೋ ಪಡೆದು ಈ ಪತ್ರ ಕೊಡುತ್ತದೆ. ಹೆಸರು ನಾಲಿಗೆ ಹೊರಳದಷ್ಟು ಉದ್ದ. ಎಲ್ಲರೂ "ಫಿಕ್ಷನ್" ಅಂತಲೇ ಕರೆಯುತ್ತಾರೆ. ಹಕ್ಕು ಹುಟ್ಟುವುದು ಅರ್ಜಿಯಿಂದ, ಪತ್ರ ಅದಕ್ಕೆ ಸಾಕ್ಷಿ ಮಾತ್ರ. ಆದರೆ ಸಂಬಳ ಹಾಕುವ ಎಚ್‌ಆರ್‌ಗೂ ಖಾತೆ ನೋಡುವ ಬ್ಯಾಂಕಿಗೂ ಸಾಕ್ಷಿಯೇ ಬೇಕು. ಹಾಗಾಗಿ ಕಾರ್ಡು ಮುಗಿಯಲು ಎರಡು ವಾರ ಇದ್ದೂ ಕಚೇರಿಯಿಂದ ಸುದ್ದಿಯಿಲ್ಲದಿದ್ದರೆ, ಅರ್ಜಿಯ ಸ್ವೀಕೃತಿ ಲಗತ್ತಿಸಿ ಈ ಪತ್ರ ಕೇಳಿ.

ಕೈಗೆ ಬಂದ ತಕ್ಷಣ ಒಳಪುಟ ತೆರೆದು ನೋಡಿ. ಕಲಂ 81ರ ಹೆಸರಿನಲ್ಲಿ ಮೂರು ಪುಟ್ಟ ಚೌಕಗಳಿರುತ್ತವೆ: ಎರಡು 3ನೇ ಉಪಕಲಮಿನವು, ಒಂದು 4ನೇದು. ಗುರುತು 4ನೇದರ ಮುಂದಿದ್ದರೆ ಹಳೆಯ ಪರ್ಮಿಟ್ಟೇ ಮುಂದುವರಿದಂತೆ: ಕೆಲಸ ಮಾಡಬಹುದು, ದೇಶ ಬಿಟ್ಟು ಹೋಗಿ ವಾಪಸ್ಸೂ ಬರಬಹುದು. 3ನೇದರ ಮುಂದಿದ್ದರೆ ಜರ್ಮನಿಯಲ್ಲಿ ಇರಬಹುದು, ಆದರೆ ಹೊರಗೆ ಹೋದರೆ ಆ ಕಾಗದದ ಬಲದಿಂದ ಒಳಗೆ ಬರಲಾಗದು. ತಂಗಿಯ ಮದುವೆಗೆ ಟಿಕೆಟ್ ಮಾಡುವ ಮುನ್ನ ನೋಡಬೇಕಾದ್ದು ಈ ಚೌಕವನ್ನು. ಸರಿಯಾದ ವೇಳೆಗೆ ಅರ್ಜಿ ಹಾಕಿಯೂ ಗುರುತು ತಪ್ಪು ಚೌಕದಲ್ಲಿದ್ದರೆ ಕೌಂಟರಿನಲ್ಲೇ ತಿದ್ದಿಸಿ.

ಈ ಪತ್ರದ ಮೇಲೆ ಊರಿಗೆ ಹೋಗುವವರು ಪಾಸ್‌ಪೋರ್ಟ್, ಮುಗಿದ ಕಾರ್ಡು, ಫಿಕ್ಷನ್ ಪತ್ರ ಮೂರನ್ನೂ ಮೂಲದಲ್ಲೇ ಒಯ್ಯಿರಿ. ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೂತವರಿಗೆ ಇದು ದಿನಾ ಕಾಣುವ ಕಾಗದವಲ್ಲ, ವಿಚಾರಿಸಿ ತಿಳಿಯಲು ಹೊತ್ತಾಗುತ್ತದೆ. ಬೇಗ ಹೋಗಿ. ಬೇರೆ ದೇಶದಲ್ಲಿ ಇಳಿದು ಹತ್ತುವ ಬದಲು ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೋ ಮ್ಯೂನಿಕ್ಕಿಗೋ ನೇರ ವಿಮಾನ ಹಿಡಿಯುವುದು ಒಳ್ಳೆಯದು. ಗಡಿ ತಪಾಸಣೆಯಲ್ಲಿ ಜರ್ಮನ್ ಪೊಲೀಸರೇ ಇರುತ್ತಾರೆ, ಅವರಿಗೆ ಈ ಪತ್ರ ಹೊಸದಲ್ಲ.

ಟರ್ಮೀನ್ ದಿನ

ಮೂಲ ದಾಖಲೆಗಳ ಜೊತೆ ಒಂದು ಸೆಟ್ ಜೆರಾಕ್ಸ್ ಇರಲಿ. ಸಂಬಳದ ಚೀಟಿ ಅರ್ಜಿಯ ದಿನದ್ದಲ್ಲ, ಈಗಿನ ಮೂರು ತಿಂಗಳಿನದು ಒಯ್ಯಿರಿ. ಬೆರಳಚ್ಚು ತೆಗೆಯುತ್ತಾರೆ, ಆರು ವರ್ಷ ತುಂಬಿದ ಮಕ್ಕಳದ್ದೂ. ಗಂಡ, ಹೆಂಡತಿ, ಮಕ್ಕಳಿಗೆ ಅರ್ಜಿ ಬೇರೆ ಬೇರೆ, ಟರ್ಮೀನೂ ಪ್ರತಿಯೊಬ್ಬರ ಹೆಸರಿನಲ್ಲಿ ಕೇಳಬೇಕು. ಒಬ್ಬರಿಗೆ ಸಿಕ್ಕಿದ್ದು ಮನೆಮಂದಿಗೆಲ್ಲ ಆಗುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚಿನ ವಿಸ್ತರಣೆಗೆ 93 ಯೂರೋ, ಓದಿನಿಂದ ಕೆಲಸಕ್ಕೆ ಎಂಬಂತೆ ಉದ್ದೇಶ ಬದಲಾದರೆ 98, ಖಾಯಂ ಪರ್ಮಿಟ್ಟಿಗೆ ಸಾಮಾನ್ಯವಾಗಿ 113. ಮಕ್ಕಳಿಗೆ ಅರ್ಧ. ಕೆಲವು ಕಡೆ ನಗದು ತೆಗೆದುಕೊಳ್ಳುವುದಿಲ್ಲ, ಬ್ಯಾಂಕ್ ಕಾರ್ಡ್ ಜೇಬಿನಲ್ಲಿರಲಿ.

ಕಾರ್ಡು ಅಚ್ಚಾಗುವುದು ಬರ್ಲಿನ್ನಿನ ಬುಂಡೆಸ್‌ಡ್ರುಕೆರೈಯಲ್ಲಿ. ನಾಲ್ಕರಿಂದ ಎಂಟು ವಾರ ಹಿಡಿಯಬಹುದು. ಅಲ್ಲಿಂದ ಪಿನ್ ಪತ್ರ ಬೇರೆಯಾಗಿ ಮನೆಗೆ ಬರುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರದಿದ್ದರೆ ಅಂಚೆಯವರು ಹಾಕದೆ ವಾಪಸ್ ಒಯ್ಯುತ್ತಾರೆ. ಸ್ನೇಹಿತರ ಜೊತೆ ಮನೆ ಹಂಚಿಕೊಂಡವರು ಇದನ್ನು ಇವತ್ತೇ ನೋಡಿಕೊಳ್ಳಿ.

ಅರ್ಜಿ ಹಾಕಿ ಮೂರು ತಿಂಗಳಾದರೂ ಸರಿಯಾದ ಕಾರಣವಿಲ್ಲದೆ ತೀರ್ಮಾನ ಬಾರದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗಲು ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಮುಂಚೆ, ಗಡುವು ಹಾಕಿ ವಕೀಲರಿಂದ ಒಂದು ಪತ್ರ ಬರೆಸಿ ನೋಡಿ; ಫೈಲು ಅಷ್ಟಕ್ಕೇ ಅಲುಗಾಡುವುದುಂಟು. ಕಾಯುವ ಅವಧಿಯಲ್ಲಿ ಕೆಲಸ ಹೋದರೆ ಎರಡು ವಾರದೊಳಗೆ ಕಚೇರಿಗೆ ತಿಳಿಸಲೇಬೇಕು.

ಹೊಸ ಕಾರ್ಡು ಕೊಟ್ಟಾಗ ಕೌಂಟರ್ ಬಿಡುವ ಮೊದಲು ಮೂರು ಜಾಗ ಓದಿ: ಹೆಸರಿನ ಅಕ್ಷರಗಳು, ಮುಗಿಯುವ ತಾರೀಖು, ಮತ್ತು ಕೆಲಸದ ಅನುಮತಿಯ ಸಾಲು. ಆ ಸಾಲಿನಲ್ಲಿ "ಜೊತೆಗಿನ ಹಾಳೆ ನೋಡಿ" ಎಂದಿದ್ದರೆ ಹಾಳೆಯನ್ನೂ ಕೇಳಿ ಪಡೆಯಿರಿ. ಕಾರ್ಡಿನಷ್ಟೇ ಜೋಪಾನವಾಗಿ ಅದನ್ನೂ ಇಟ್ಟುಕೊಳ್ಳಿ, ಮುಂದಿನ ಸಲ ಕೇಳುತ್ತಾರೆ.