ಸಣ್ಣ ನಾಯಿ ತರುವ ಮೊದಲು ಇಷ್ಟು ನೋಡಿಕೊಳ್ಳಿ

ಮೇ ತಿಂಗಳು ಬಂತೆಂದರೆ ಮುಂಬಯಿಯ ಮುಲುಂಡ್‌ನಲ್ಲಿ ನಮ್ಮ ಕನ್ನಡದವರ ಮನೆಗಳಿಗೆಲ್ಲ ಬೀಗ. ಉಡುಪಿ, ಕುಂದಾಪುರ, ಹುಬ್ಬಳ್ಳಿ ಅಂತ ಊರಿಗೆ ಹೊರಡುತ್ತಾರೆ. ಅವರ ನಾಯಿಗಳು ನಮ್ಮ ಮನೆಗೆ ಬರುತ್ತವೆ. ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನಮ್ಮದು ಎರಡು ಕೋಣೆಯ ಫ್ಲ್ಯಾಟ್, ಹಾಗಾಗಿ ಸಣ್ಣ ನಾಯಿಗಳನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ನಮ್ಮದೇ ಬೆಳ್ಳಿಯೂ ಇದ್ದಾಳೆ, ಇಂಡಿಯನ್ ಸ್ಪಿಟ್ಸ್.

"ಅಕ್ಕ, ನಮ್ಮ ಮನೆಗೆ ಯಾವ ನಾಯಿ ಒಳ್ಳೇದು?" ಅಂತ ಕೇಳುವವರು ಬಹಳ. ಅವರಿಗೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ಆ ಹೊತ್ತಿಗೆ ಮನೆ ಎಷ್ಟು ಬಿಸಿಯಾಗುತ್ತದೆ? ತಳಿಯ ಮಾತು ಆಮೇಲೆ.

2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ನಾಯಿ ಬಂದ ಮೇಲೆ ಅದು ಎಲ್ಲರಿಗೂ ಬೇಕಾಯಿತು. ಗುಣದಲ್ಲಿ ಅದಕ್ಕೆ ಸಾಟಿಯಿಲ್ಲ. ಮಕ್ಕಳು ಎಳೆದಾಡಿದರೂ ಸುಮ್ನೆ ಇರುತ್ತದೆ, ಬೊಗಳುವುದು ಕಡಿಮೆ. ಆದರೆ ನಾಯಿಗಳಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ. ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನ ಮೂತಿ ಚಪ್ಪಟೆ, ಉಸಿರಿನ ದಾರಿ ಕಿರಿದು. ಮುಂಬಯಿಯ ಹಸಿ ಸೆಕೆಯಲ್ಲಿ ಎಷ್ಟು ತೇಕಿದರೂ ಸಾಲುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಬಿಟ್ಟಿದ್ದ ಒಂದು ಪಗ್‌ಗೆ ಹೀಗಾಯಿತು. ಮಧ್ಯಾಹ್ನ ಕರೆಂಟ್ ಹೋಯಿತು. ಅರ್ಧ ಗಂಟೆಯಲ್ಲಿ ಅದರ ಗಂಟಲಿನಿಂದ ಗೊರಕೆಯಂಥ ಸದ್ದು ಶುರುವಾಯಿತು. ನೋಡಿದರೆ ಎಚ್ಚರವಾಗಿಯೇ ಇದೆ. ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಗುಲಾಬಿ ಬಣ್ಣದ ನಾಲಗೆ ನೇರಳೆಗೆ ತಿರುಗುತ್ತಿತ್ತು. ಬಚ್ಚಲಿಗೆ ಎತ್ತಿಕೊಂಡು ಹೋಗಿ ಹೊಟ್ಟೆ, ತೊಡೆ, ಪಾದಗಳ ಮೇಲೆ ನಲ್ಲಿ ನೀರು ಸುರಿದೆ. ಮಗಳು ಪೇಪರಿನಿಂದ ಗಾಳಿ ಹಾಕುತ್ತಿದ್ದಳು. ಹಾಗೇ ಒದ್ದೆ ಮೈಯಲ್ಲಿ ರಿಕ್ಷಾ ಹತ್ತಿದೆವು. ಡಾಕ್ಟರ್ ಥರ್ಮಾಮೀಟರ್ ಇಟ್ಟಾಗ 106 ಡಿಗ್ರಿ. ನಾಯಿಗೆ 101, 102 ಇರಬೇಕಾದದ್ದು. ಎರಡು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಆ ನಾಲಗೆಯ ಬಣ್ಣ ಈಗಲೂ ನನ್ನ ಕಣ್ಣಿಂದ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆ, ಎಸಿ ಇಲ್ಲ, ಹಗಲು ಎಲ್ಲರೂ ಆಫೀಸಿಗೆ ಅನ್ನುವವರು ಪಗ್ ತರಬೇಡಿ. ತಂದಿದ್ದರೆ ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಮೊದಲು, ರಾತ್ರಿ ಎಂಟರ ಮೇಲೆ ಮಾತ್ರ ಹೊರಗೆ ಕರೆದೊಯ್ಯಿರಿ. ದಪ್ಪಗಾಗಲು ಬಿಡಬೇಡಿ. ಮುಖದ ಮಡಿಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಇಲ್ಲದಿದ್ದರೆ ಅಲ್ಲಿ ಹುಣ್ಣಾಗುತ್ತದೆ.

ಶಿಹ್ ತ್ಸು ತಳಿಯ ಮೂತಿಯೂ ಚಪ್ಪಟೆಯೇ, ಸೆಕೆಯ ಎಚ್ಚರ ಅದಕ್ಕೂ ಬೇಕು. ಮನೆಯೊಳಗೆ ತುಂಬಾ ಹೊಂದಿಕೊಳ್ಳುವ ನಾಯಿ, ಅಜ್ಜ ಅಜ್ಜಿಗೆ ಒಳ್ಳೆ ಜೊತೆ. ಕೂದಲು ಉದುರುವುದು ಕಡಿಮೆ, ಆದರೆ ಬೆಳೆಯುತ್ತಲೇ ಇರುತ್ತದೆ. ಒಂದು ವಾರ ಬಾಚದೆ ಬಿಟ್ಟು ಕಿವಿಯ ಹಿಂದೆ, ಕಂಕುಳಲ್ಲಿ ಬೆರಳು ಹಾಕಿ ನೋಡಿ. ಜಡೆ ಕಟ್ಟಿರುತ್ತದೆ. ಮೇಲೆ ಮೇಲೆ ಬಾಚಿದರೆ ಗೊತ್ತಾಗುವುದಿಲ್ಲ. ಕೂದಲನ್ನು ಪದರ ಪದರವಾಗಿ ಬಿಡಿಸಿ ಬುಡದಿಂದ ಬಾಚಬೇಕು. ದಿನಕ್ಕೆ ಹತ್ತು ನಿಮಿಷ ಸಿಗದಿದ್ದರೆ ಗಿಡ್ಡ ಕತ್ತರಿಸಿ ಇಡಿ, ಅದೇನೂ ತಪ್ಪಲ್ಲ. ಲಾಸಾ ಆಪ್ಸೊ ತಳಿಗೂ ಇದೇ ಮಾತು. ಅದಕ್ಕೆ ಹೊಸಬರ ಮೇಲೆ ಸ್ವಲ್ಪ ಅನುಮಾನ ಜಾಸ್ತಿ, ಅಷ್ಟೇ.

ಡ್ಯಾಶ್‌ಹಂಡ್ ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬೇಟೆಯಾಡಲು ಬೆಳೆಸಿದ ತಳಿ. ಧೈರ್ಯ ಬಹಳ, ಗಂಟಲೂ ದೊಡ್ಡದು. ಅದರ ಉದ್ದ ಬೆನ್ನು ನೋಡಿ ಖುಷಿಪಡುವವರು ಒಂದು ಮಾತು ತಿಳಿದಿರಬೇಕು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದರೆ ಹಿಂಗಾಲುಗಳ ಸ್ವಾಧೀನ ತಪ್ಪಬಹುದು. ಲಿಫ್ಟ್ ಇಲ್ಲದ ಮೂರನೇ ಮಹಡಿಯವರಿಗೆ ಇದು ಬೇಡ. ಸೋಫಾದಿಂದ ಧುಮುಕಲು ಬಿಡಬೇಡಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಬೇಡಿ.

ನಾವು ಚಿಕ್ಕಂದಿನಲ್ಲಿ ಪಮೇರಿಯನ್ ಅಂತ ಕರೆಯುತ್ತಿದ್ದ ಬಿಳಿ ನಾಯಿ ಹೆಚ್ಚಾಗಿ ಇಂಡಿಯನ್ ಸ್ಪಿಟ್ಸ್. ನಿಜವಾದ ಪಮೇರಿಯನ್ ಮೂರು ಕಿಲೋ ಆಸುಪಾಸಿನ ಪುಟ್ಟ ಪ್ರಾಣಿ. ಸ್ಪಿಟ್ಸ್ ನಮ್ಮ ಹವೆಗೆ ಚೆನ್ನಾಗಿ ಒಗ್ಗಿದೆ, ಅನ್ನ ಕೋಳಿ ತಿಂದುಕೊಂಡು ಗಟ್ಟಿಮುಟ್ಟಾಗಿರುತ್ತದೆ. ಮೊದಲ ಸಲ ನಾಯಿ ಸಾಕುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಬೆಲ್ ಆದರೆ ಬೊಗಳುತ್ತದೆ, ಪಕ್ಕದ ಮನೆಯ ಬೆಲ್‌ಗೂ ಬೊಗಳುತ್ತದೆ. ಮರಿಯಿದ್ದಾಗಲೇ ಬೆಲ್ ಒತ್ತಿಸಿ, ಸುಮ್ಮನಿದ್ದಾಗ ಒಂದು ಚೂರು ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿ. ಸೆಕೆ ಅಂತ ಅದರ ಮೈ ಬೋಳಿಸಬೇಡಿ. ಆ ಕೂದಲೇ ಬಿಸಿಲನ್ನು ತಡೆಯುವುದು.

ಬೀಗಲ್ ಬೇಕೆನ್ನುವವರಿಗೆ ದಿನಕ್ಕೆ ಎರಡು ಹೊತ್ತು ಚೆನ್ನಾಗಿ ನಡೆಸುವ ಶಕ್ತಿ ಇರಬೇಕು. ಇಲ್ಲದಿದ್ದರೆ ಒಂಟಿಯಾಗಿ ಊಳಿಡುತ್ತದೆ. ಪುಟ್ಟ ಮಕ್ಕಳಿರುವ ಮನೆಗೆ ಚಿವಾವಾ ಬೇಡ. ಕೈಜಾರಿ ಬಿದ್ದರೆ ಮೂಳೆ ಮುರಿಯುತ್ತದೆ.

ಮರಿ ತರುವಾಗ ತಾಯಿಯನ್ನು ನೋಡದೆ ತರಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರದ ನಿಯಮವೇ ಇದೆ. ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಆ ಕಾಗದ ಕೇಳಿ. ಮೊದಲ ದಿನವೇ ಡಾಕ್ಟರ್ ಹತ್ತಿರ ಒಯ್ದು ಜಂತುಹುಳದ ಮದ್ದು, ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಚುಚ್ಚುಮದ್ದಿನ ದಿನಗಳನ್ನು ಬರೆಸಿಕೊಳ್ಳಿ. ಮೂರು ತಿಂಗಳಾದಾಗ ರೇಬೀಸ್. ಆ ಕೋರ್ಸ್ ಮುಗಿಯುವ ತನಕ ಬೀದಿಗೆ ಇಳಿಸಬೇಡಿ. ಬಿಎಂಸಿ (ಮುಂಬಯಿ ನಗರಪಾಲಿಕೆ) ಲೈಸೆನ್ಸ್ ವರ್ಷ ವರ್ಷ ಮಾಡಿಸಬೇಕು.

ಮುಂಬಯಿಯ ಮಳೆಗೆ ಬೇರೆಯೇ ತಯಾರಿ. ಜುಲೈನಲ್ಲಿ ರಸ್ತೆ ತುಂಬ ನಿಲ್ಲುವ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಇಲಿ ಜ್ವರ, ಅಂದರೆ ಲೆಪ್ಟೊ, ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಕುಳ್ಳಗಿನ ನಾಯಿಗೆ ಆ ನೀರು ಹೊಟ್ಟೆಯ ತನಕ ಬರುತ್ತದಲ್ವಾ? ಆದ್ದರಿಂದ ಲೆಪ್ಟೊ ಚುಚ್ಚುಮದ್ದನ್ನು ಮಳೆಗೆ ಮೊದಲೇ ಕೇಳಿ ಹಾಕಿಸಿ. ಮನೆಗೆ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದು ಒಣಗಿಸಿ, ಉಣ್ಣಿ ಇದೆಯಾ ನೋಡಿ. ಮರಿಯಿದ್ದಾಗಲೇ ಬಾಲ್ಕನಿಯಲ್ಲಿ ಪೇಪರ್ ಮೇಲೆ ಮಲ ಮೂತ್ರ ಮಾಡುವುದನ್ನೂ ಕಲಿಸಿ. ಎದ್ದ ಕೂಡಲೇ, ಊಟವಾದ ಕೂಡಲೇ ಅಲ್ಲಿ ನಿಲ್ಲಿಸಿ, ಮಾಡಿದರೆ ಹೊಗಳಿ. ತಪ್ಪಿದರೆ ಹೊಡೆಯಬೇಡಿ. ಹೊಡೆದರೆ ಮಂಚದ ಕೆಳಗೆ ಅಡಗಿ ಮಾಡಲು ಕಲಿಯುತ್ತದೆ.

ನಮ್ಮ ಅಡುಗೆಯಲ್ಲಿ ಕೊಡಬಾರದ್ದು ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾಂಬಾರು, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್. ನಾಲ್ಕು ಕಿಲೋದ ಮೈಗೆ ಸ್ವಲ್ಪವೇ ಸಾಕು, ವಿಷವಾಗುತ್ತದೆ. ಮನೆಗೆ ಬರುವ ನೆಂಟರಿಗೂ ಇದನ್ನು ಮೊದಲೇ ಹೇಳಿಬಿಡಿ.

ಇನ್ನು ಊರಿಗೆ ಹೋಗುವಾಗಿನ ವಿಷಯ. ರೈಲಿನಲ್ಲಿ ನಾಯಿಯನ್ನು ಜೊತೆಗೇ ಒಯ್ಯಬೇಕೆಂದರೆ ಫಸ್ಟ್ ಎಸಿಯಲ್ಲಿ ಬಾಗಿಲು ಹಾಕುವ ಇಡೀ ಕೋಣೆ (ಕೂಪೆ) ನಿಮ್ಮದೇ ಇರಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಬೇಸಿಗೆಯಲ್ಲಿ ಪಗ್, ಶಿಹ್ ತ್ಸು ಅಲ್ಲಿ ಹಾಕಬೇಡಿ, ದಯವಿಟ್ಟು. ನಂಬಿಕೆಯವರ ಮನೆಯಲ್ಲಿ ಬಿಡುವುದೇ ಮೇಲು. ಬಿಡುವಾಗ ಅದು ದಿನಾ ಮಲಗುವ ಚಾದರವನ್ನು ಒಗೆಯದೆ ಹಾಗೇ ಕೊಡಿ. ನಮ್ಮಲ್ಲಿ ಮೊದಲ ರಾತ್ರಿ ಅಳುವ ನಾಯಿಗಳು ಅದರಲ್ಲಿ ಮೂಗು ಹುದುಗಿಸಿದ ಮೇಲೆಯೇ ನಿದ್ದೆ ಹೋಗುವುದು.