ಮೂರು ಮಿಲಿಮೀಟರ್ ಗೀರಿನಲ್ಲಿ ಸಿಮೆಂಟಿನ ಬಿರುಕು ಅಳೆದದ್ದು

ಸಿಮೆಂಟ್ ಪೇಸ್ಟಿನ (ನೀರಲ್ಲಿ ಕಲಸಿ ಗಟ್ಟಿಯಾದ ಬರೀ ಸಿಮೆಂಟ್) ಫ್ರಾಕ್ಚರ್ ಟಫ್‌ನೆಸ್, ಅಂದರೆ ಬಿರುಕು ಹರಡದಂತೆ ತಡೆಯುವ ಶಕ್ತಿ, ಅಳೆಯಲು ನಾನು ಮೊದಲು ಕಲಿತದ್ದು ಹಳೇ ದಾರಿ. ಪುಟ್ಟ ತೊಲೆ ಎರಕ ಹೊಯ್ದು, ನಡುವೆ ಕಚ್ಚು ಹಾಕಿ, ಬಗ್ಗಿಸಿ ಮುರಿಯುವುದು. ಒಂದು ತೊಲೆ ಮುರಿದರೆ ಒಂದೇ ಅಂಕಿ. ಕಚ್ಚು ಹಾಕುವಾಗಲೇ ಕೈಯಲ್ಲಿ ಎರಡಾದವು ಬೇರೆ. ಬೇಸತ್ತು, ಅಮೆರಿಕದ ಎಂಐಟಿಯಲ್ಲಿ ಅಕೊನೊ ಮತ್ತು ಉಲ್ಮ್ ಎಂಬ ಸಂಶೋಧಕರು ರೂಪಿಸಿದ ಗೀರು ಪರೀಕ್ಷೆಗೆ ಬಂದೆ. ಹೆಬ್ಬೆರಳಿನ ಉಗುರಿನಷ್ಟು ತುಂಡು ಸಾಕು.

ಗೀಚುವುದು ರಾಕ್‌ವೆಲ್ ಸಿ ವಜ್ರ, ಲೋಹದ ಗಡಸುತನ ಅಳೆಯಲು ಬಳಸುವ ಮೊನೆ. 120 ಡಿಗ್ರಿಯ ಶಂಕು, ತುದಿ 200 ಮೈಕ್ರಾನ್ ತ್ರಿಜ್ಯದಲ್ಲಿ ದುಂಡಗೆ. ಭಾರವನ್ನು 0.03 ನ್ಯೂಟನ್‌ನಿಂದ 30ರವರೆಗೆ ಏರಿಸುತ್ತಾ 3 ಮಿ.ಮೀ. ಎಳೆಯುತ್ತೇವೆ. ಅರ್ಧ ನಿಮಿಷದ ಕೆಲಸ. ಎಳೆಯಲು ಬೇಕಾದ ಅಡ್ಡಬಲ, ಇಳಿದ ಆಳ ಎರಡೂ ದಾಖಲಾಗುತ್ತವೆ. ವಜ್ರ ತಾಗಿರುವ ಅಂಚಿನ ಉದ್ದವನ್ನೂ ಎಳೆಯುವ ದಿಕ್ಕಿಗೆ ಎದುರಾದ ಮುಖದ ವಿಸ್ತೀರ್ಣವನ್ನೂ ಗುಣಿಸಿ, ಎರಡರಷ್ಟು ಮಾಡಿ, ವರ್ಗಮೂಲ ತೆಗೆದು, ಅಡ್ಡಬಲವನ್ನು ಅದರಿಂದ ಭಾಗಿಸಬೇಕು. ಆಳ ಹೆಚ್ಚಿದರೂ ಆ ಅಂಕಿ ಅಲುಗದೆ ನಿಂತರೆ ಅದೇ ಟಫ್‌ನೆಸ್.

ನನಗದು ನಿಲ್ಲಲೇ ಇಲ್ಲ. ದುಬಾರಿ ವಜ್ರ ಎಲ್ಲಿ ಹೋದೀತೋ ಎಂದು ಹೆದರಿ 5 ನ್ಯೂಟನ್‌ಗೇ ನಿಲ್ಲಿಸುತ್ತಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇಗಿಲ ಸಾಲಿನಂತೆ ನುಣುಪಾದ ದಂಡೆ, ಒಂದು ಚಕ್ಕೆಯೂ ಎದ್ದಿಲ್ಲ. ನಾನು ಅಳೆಯುತ್ತಿದ್ದುದು ಬಿರುಕನ್ನಲ್ಲ, ಸಿಮೆಂಟ್ ಪಕ್ಕಕ್ಕೆ ಸರಿಯುವುದನ್ನು. ಭಾರ ಏರಿಸಿದ ಮೇಲೆ ಚಕ್ಕೆಗಳೆದ್ದವು, ಆ ಅಂಕಿಯ ನಕ್ಷೆಯ ಗೆರೆಯೂ ಮಟ್ಟಸವಾಯಿತು.

ಸುಮಾರು 27 ಮೈಕ್ರಾನ್ ಆಳದವರೆಗೆ ತಾಗುವುದು ದುಂಡು ತುದಿ, ಆಮೇಲೆ ಶಂಕು. ತುದಿ ಸವೆದರೆ ಲೆಕ್ಕವೂ ಕೆಡುತ್ತದೆ. ಅದಕ್ಕೇ ಟಫ್‌ನೆಸ್ ಮೊದಲೇ ಗೊತ್ತಿರುವ ಫ್ಯೂಸ್ಡ್ ಸಿಲಿಕಾ ಗಾಜನ್ನು ಆಗಾಗ ಗೀಚಿ ವಜ್ರವನ್ನು ಸರಿಹೊಂದಿಸಿಕೊಳ್ಳುತ್ತೇನೆ.

ಇಷ್ಟಾದರೂ ಹೆಚ್ಚು ಹೊತ್ತು ತಿನ್ನುವುದು ಪಾಲಿಶ್. ನೀರು ಮುಟ್ಟಿಸುವಂತಿಲ್ಲ, ಉಳಿದ ಸಿಮೆಂಟ್ ಕಣಗಳು ಮತ್ತೆ ನೀರು ಕುಡಿದು ಗಟ್ಟಿಯಾಗತೊಡಗುತ್ತವೆ. ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯೇ ಗತಿ. ಮೇಲ್ಮೈ ತುಸು ಓರೆಯಾಗಿದ್ದರೂ ಆಳ ತಪ್ಪುತ್ತದೆ. ಹಾಗಾಗಿ ಮೊದಲು ತೀರಾ ಹಗುರ ಭಾರದಲ್ಲಿ ಒಮ್ಮೆ ಸವರಿ ಓರೆಯನ್ನು ಅಳೆದುಕೊಂಡು, ಲೆಕ್ಕದಲ್ಲಿ ಕಳೆಯುತ್ತೇನೆ.

ತೊಲೆಯ ಅಚ್ಚುಗಳನ್ನು ಮಾತ್ರ ಎಸೆದಿಲ್ಲ. ಕಾಂಕ್ರೀಟಿಗೆ ಅವೇ ಬೇಕು. 20 ಮಿ.ಮೀ. ಜಲ್ಲಿಯ ಮೇಲೆ 3 ಮಿ.ಮೀ. ಗೀರು ಎಳೆದರೆ ಸಿಗುವುದು ಆ ಒಂದು ಕಲ್ಲಿನ ಅಂಕಿ.