ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸುವ ಮುನ್ನ ಇಸ್ತ್ರಿಯ ಬಿಸಿ ಅಳೆಯಿರಿ

ಚಿಕ್ಕ ವಿಮಾನದ ಚೌಕಟ್ಟಿಗೆ ಹೊದಿಸಿ, ಬಿಸಿ ಇಸ್ತ್ರಿಯಿಂದ ಬಿಗಿಗೊಳಿಸುವ ಪಾಲಿಯೆಸ್ಟರ್ ಬಟ್ಟೆಗೆ ಕತ್ತರಿ ಹಾಕುವ ಮೊದಲು ನಾನು ಇಸ್ತ್ರಿ ಪೆಟ್ಟಿಗೆಯ ಬಿಸಿ ಅಳೆದುಕೊಳ್ಳುತ್ತೇನೆ. ಗುಂಡಿಯ ಮೇಲಿನ ‘ಕಾಟನ್’, ‘ಸಿಲ್ಕ್’ ಗುರುತುಗಳನ್ನು ನಂಬಿ ಕೂರುವಂತಿಲ್ಲ. ತಳಕ್ಕೆ ಥರ್ಮಾಮೀಟರ್ ಒತ್ತಿ ಹಿಡಿದು, ಥರ್ಮೋಸ್ಟಾಟ್ ಎರಡು ಮೂರು ಸಲ ಆನ್-ಆಫ್ ಆದ ಮೇಲೆ 120, 150, 175 ಡಿಗ್ರಿ ಸೆಲ್ಸಿಯಸ್ ಎಲ್ಲಿ ಬರುತ್ತದೋ ಅಲ್ಲಿ ಗೆರೆ ಹಾಕುತ್ತೇನೆ. 177 ಡಿಗ್ರಿ ದಾಟಿದರೆ ಬಟ್ಟೆ ಬಿಗಿಯಾಗುವ ಬದಲು ಸಡಿಲಾಗುತ್ತದೆ, ಮತ್ತೆಷ್ಟು ಉಜ್ಜಿದರೂ ಬಿಗಿಯಾಗುವುದಿಲ್ಲ. ಹೀಟ್ ಗನ್ನಿನಲ್ಲಿ ಈ ಹಿಡಿತ ಸಿಗದು, ಹಾಗಾಗಿ ಅದರ ಗೋಜಿಗೇ ಹೋಗುವುದಿಲ್ಲ.

ನಾನು ಬಳಸುವುದು ಪಾಲಿ-ಫೈಬರ್ ಪದ್ಧತಿ, ಅಂದರೆ ಅಂಟಿನಿಂದ ಬಣ್ಣದವರೆಗೆ ಎಲ್ಲವೂ ಆ ಒಂದೇ ಬ್ರಾಂಡಿನದು. ಅದರ ಅಂಟಿನಲ್ಲಿರುವ ಎಂಇಕೆ ಎಂಬ ದ್ರಾವಕ ಸಾಮಾನ್ಯ ಪ್ರೈಮರನ್ನು ಕರಗಿಸಿ ಎಬ್ಬಿಸಿಬಿಡುತ್ತದೆ. ಉಕ್ಕಿನ ಕೊಳವೆಗೆ ಎಪಾಕ್ಸಿ ಪ್ರೈಮರ್, ಮರಕ್ಕೆ ಎಪಾಕ್ಸಿ ವಾರ್ನಿಷ್ ಆಗಲೇಬೇಕು. ಸ್ಕ್ರೂ ತಲೆ, ಚೂಪು ಅಂಚುಗಳ ಮೇಲೆ ಟೇಪ್ ಅಂಟಿಸಿ. ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬುಗಳಾದ ರಿಬ್‌ಗಳ ನಡುವೆ ಒಂದರ ಮೇಲಿಂದ, ಇನ್ನೊಂದರ ಕೆಳಗಿಂದ ಪಟ್ಟಿ ಎಳೆದು ಕಟ್ಟಿದ್ದರೆ ಬಟ್ಟೆ ಬಿಗಿದಾಗ ಅವು ಪಕ್ಕಕ್ಕೆ ವಾಲುವುದಿಲ್ಲ.

ಬಟ್ಟೆ ಹೊದಿಸುವಾಗ ಮೊದಲು ಬಾಲದ ರಡ್ಡರ್, ಎಲಿವೇಟರಿನಂಥ ಚಿಕ್ಕ ಭಾಗಗಳು. ರೆಕ್ಕೆಯಲ್ಲಿ ಕೆಳಮೈ ಮುಗಿಸಿ ಆಮೇಲೆ ಮೇಲ್ಮೈ. ರೆಕ್ಕೆಯ ಮುಂಚೂಣಿ ಅಂಚಿನಲ್ಲಿ ಎರಡು ಬಟ್ಟೆಗಳು ಒಂದರ ಮೇಲೊಂದು 2 ಇಂಚು ಬರಲಿ, ಚೌಕಟ್ಟಿಗೆ ಅಂಟುವ ಕಡೆ ಕನಿಷ್ಠ 1 ಇಂಚು. ಗುರುತಿಗೆ ಪೆನ್ಸಿಲ್ ಸಾಕು. ಬಾಲ್‌ಪೆನ್ ಶಾಯಿ ಬಣ್ಣದ ಮೇಲೂ ಇಣುಕುತ್ತದೆ. ಕೈಯಲ್ಲಿ ಜಗ್ಗಿ ಬಿಗಿ ಮಾಡಬೇಡಿ, ಸುಕ್ಕಿಲ್ಲದೆ ಮಲಗಿದರೆ ಸಾಕು, ಉಳಿದದ್ದು ಬಿಸಿಯ ಕೆಲಸ.

ಅಂಟು ರಾತ್ರಿಯಿಡೀ ಒಣಗಲಿ. ಇಡೀ ಮೈಯನ್ನು ಮೊದಲು 120ರಲ್ಲಿ, ನಂತರ 150ರಲ್ಲಿ, ಕೊನೆಗೆ 175ರಲ್ಲಿ ತೀಡಬೇಕು. ಒಂದೇ ಮೂಲೆಯನ್ನು ನೇರವಾಗಿ ಕೊನೆಯ ಬಿಸಿಗೆ ಒಯ್ದರೆ ಚೌಕಟ್ಟು ಆ ಕಡೆಗೆ ತಿರುಚಿಕೊಳ್ಳುತ್ತದೆ; ತೆಳ್ಳನೆಯ ಹಿಂಬದಿ ಅಂಚುಗಳಂತೂ ಬಿಲ್ಲಿನಂತೆ ಬಾಗುತ್ತವೆ. ಅಂಟಿದ ಜಾಗದ ಹತ್ತಿರ ಹುಷಾರು: ಅಂಟು ಬಿಸಿಗೆ ಮೆತ್ತಗಾಗಿ, ಬಿಗಿಯುತ್ತಿರುವ ಬಟ್ಟೆ ಜಾರಿಕೊಂಡು ಬರುತ್ತದೆ.

ನಂತರ ಬಟ್ಟೆಯ ಎಳೆ ಮುಚ್ಚುವ ದ್ರವವಾದ ಪಾಲಿ-ಬ್ರಶ್‌ನ ಮೊದಲ ಕೋಟ್, ಮೂರು ಪಾಲಿಗೆ ಒಂದು ಪಾಲು ರೆಡ್ಯೂಸರ್ (ತೆಳುವಾಗಿಸುವ ದ್ರವ) ಬೆರೆಸಿ, ಬ್ರಶ್ಶಿನಲ್ಲೇ. ಬಟ್ಟೆಯ ಎಳೆಗಳ ಒಳಗೆ ಅದು ಇಳಿಯಬೇಕು. ಆದರೆ ತುಂಬ ತೋಯಿಸಿದರೆ ಒಳಬದಿಯಲ್ಲಿ ಹನಿಗಟ್ಟಿ ಸೋರುತ್ತದೆ. ಮಳೆಗಾಲದ ತೇವದಲ್ಲಿ ಮೇಲ್ಮೈ ಬೆಳ್ಳಗೆ ಮಸುಕಾದರೆ ಕೆಲಸ ನಿಲ್ಲಿಸಿ, ಒಣ ದಿನಕ್ಕೆ ಕಾಯಿರಿ.

ಆಮೇಲೆ ಬಟ್ಟೆಯನ್ನು ರಿಬ್‌ಗಳಿಗೆ ಕಟ್ಟುವ ಹೊಲಿಗೆ. ಮೇಣದ ದಾರ, ಉದ್ದ ಸೂಜಿ, ಪ್ರತಿ ಹೊಲಿಗೆಗೂ ಗಂಟು. ಪ್ರೊಪೆಲ್ಲರ್ ಗಾಳಿ ನೇರ ಬಡಿಯುವ ಕಡೆ ಅಂತರ 2.5 ಇಂಚಿಗೆ ಮೀರದಿರಲಿ. ಉಳಿದೆಡೆ ವಿಮಾನದ ಗರಿಷ್ಠ ವೇಗಕ್ಕೆ ತಕ್ಕಂತೆ ಪಾಲಿ-ಫೈಬರ್ ಕೈಪಿಡಿಯ ಕೋಷ್ಟಕ ನೋಡಿ. ಹೊಲಿಗೆಯ ಮೇಲೆ 2 ಇಂಚಿನ ಹಲ್ಲಂಚಿನ ಬಟ್ಟೆ ಪಟ್ಟಿಯನ್ನು ಹಸಿ ಪಾಲಿ-ಬ್ರಶ್‌ನಲ್ಲಿ ಕೂರಿಸಿ.

ಎಲ್ಲರೂ ಹೊಳಪಿನ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ, ನಾನು ಬೆಳ್ಳಿ ಬಣ್ಣದ ಪಾಲಿ-ಸ್ಪ್ರೇಗೆ. ಪಾಲಿಯೆಸ್ಟರನ್ನು ತಿನ್ನುವುದು ಬಿಸಿಲು; ಅದನ್ನು ತಡೆಯುವುದು ಇದರೊಳಗಿನ ಅಲ್ಯೂಮಿನಿಯಂ ಪುಡಿ. ಅಡ್ಡ, ಉದ್ದ ಸೇರಿ ಒಂದು ಕೋಟ್ ಎಂಬ ಲೆಕ್ಕದಲ್ಲಿ ಮೂರು ಕೋಟ್. ಕತ್ತಲಲ್ಲಿ ರೆಕ್ಕೆಯೊಳಗೆ 60 ವ್ಯಾಟ್ ಬಲ್ಬು ಹಿಡಿದಾಗ ಬೆಳಕು ಕಂಡರೆ ಅಲ್ಲಿ ಇನ್ನೊಂದು ಕೋಟ್ ಬೇಕು. ಅದರ ಮೇಲೆ ಕೊನೆಯ ಬಣ್ಣ, ಪಾಲಿ-ಟೋನ್. ಬಾಗದ ಕಾರು ಪೇಂಟ್ ಹಾಕಿದರೆ ಬಿರುಕು ಬಿಡುತ್ತದೆ. ರಿಬ್‌ಗಳ ನಡುವಿನ ಪ್ರತಿ ಅಂಕಣದ ತಗ್ಗಿನ ತುದಿಯಲ್ಲಿ ನೀರು ಇಳಿಯಲು ಗ್ರಾಮೆಟ್ ಎಂಬ ಚಿಕ್ಕ ಬಳೆ ಕೂರಿಸಿರುತ್ತೇವಲ್ಲ, ಬಣ್ಣ ಒಣಗಿದ ಮೇಲೆ ಅದರ ತೂತು ಕೊರೆಯಿರಿ.